ಜೊಳ್ಳು

ರೊಟ್ಟಿ ಅಂಗಡಿಯ ಒಲೆ ನಾನು ಹಚ್ಚುವುದು ಮೂರಕ್ಕೆ.
ಅಲ್ಲಿಯವರೆಗಿನ ರಾತ್ರಿ ನೆವಿಯಾಳದ್ದು.

ಇಸ್ತ್ರಿಯಾದ ಗುಡ್ಡ, ಆಲಿವ್ ತೋಟ ಮುಗಿದ ಮೇಲೆ ಕೆಂಪು ಮಣ್ಣು,
ಮುಚ್ಚಿಹೋದ ಶಾಲೆಯ ತಾರಸಿಯ ಮೇಲೆ ತಗಡಿನ ಗುಮ್ಮಟ.
ಮೋಟಾರು ಕೆಟ್ಟು ಎರಡು ಚಳಿಗಾಲವಾಯಿತು.
ತೆರೆಯಲು ಹಗ್ಗ ಜಗ್ಗಬೇಕು, ಜಗ್ಗಲು ನಾನು ಬೇಕು.
ಇಷ್ಟೇ ನನ್ನ ಖಗೋಳಶಾಸ್ತ್ರ.

ಅವಳು ನಲವತ್ತು ವರ್ಷ ಇದೇ ಶಾಲೆಯಲ್ಲಿ
ಭಾಗಾಕಾರ ಕಲಿಸಿದವಳು, ನನಗೂ.
ಶೇಷ ಉಳಿದರೆ ಇಂದಿಗೂ ಅವಳಿಗೆ ನಿದ್ದೆ ಹತ್ತುವುದಿಲ್ಲ.

ಮಂಗಳವಾರ ಸಿಕ್ಕಿತು ಆ ಚುಕ್ಕೆ.
ಇಪ್ಪತ್ತು ನಿಮಿಷಕ್ಕೊಂದರಂತೆ ನಾಲ್ಕು ಚಿತ್ರ;
ನಕ್ಷತ್ರಗಳೆಲ್ಲ ಸಭ್ಯರ ಹಾಗೆ ಇದ್ದಲ್ಲೇ ಇದ್ದವು,
ಒಂದು ಮಾತ್ರ ಸಾಲು ಬಿಟ್ಟು ಮುಂದೆ ನುಸುಳಿತ್ತು.
"ನೋಡು ಬಾರ್ತೊ, ಇಲ್ಲಿ."
ನನಗೆ ಕಂಡದ್ದು ಬೂದಿಯ ಮೇಲೆ ಬೂದಿ.
ಏಳು ಮೀಟರ್ ಇರಬಹುದಂತೆ,
ನನ್ನ ಹಿಟ್ಟಿನ ವ್ಯಾನಿಗಿಂತ ತುಸು ಉದ್ದ.

ಒಂದು ರಾತ್ರಿ ಕಂಡದ್ದರಿಂದ ದಾರಿ ಹೇಳಲಾಗದು.
ಹೆಜ್ಜೆಯೊಂದನ್ನು ನೋಡಿ
ಮನುಷ್ಯ ಯಾವ ಊರಿಗೆ ಹೊರಟ ಎಂದು ಕೇಳಿದ ಹಾಗೆ.

ಬುಧವಾರ ತೆಂಕಣದಿಂದ ಯುಗೊ ಬೀಸಿತು,
ಸಮುದ್ರದ ಮೋಡವನ್ನೆಲ್ಲ ತಂದು ನಮ್ಮ ತಲೆಯ ಮೇಲೆ ಹಾಕಿತು.
ಕಾಣದ ಒಂದೊಂದು ಗಂಟೆಗೂ
ಅದು ಇರಬಹುದಾದ ಜಾಗ ಉಬ್ಬುತ್ತ ಹೋಗುತ್ತದೆ ಎಂದಳು.
ಹುಳಿಹಿಟ್ಟೂ ಹಾಗೆಯೇ, ಎಂದೆ.
ನಗಲಿಲ್ಲ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು.
ನಮ್ಮೂರಲ್ಲಿ ಎಣ್ಣೆಗೇನೂ ಬರವಿಲ್ಲ.

ಗುರುವಾರ ಬಡಗಣದ ಬೂರಾ ಎದ್ದಿತು,
ಹೆಂಚು ಹಾರಿಸಿತು, ಆಕಾಶ ಒರೆಸಿತು.
ಹಗ್ಗ ಜಗ್ಗಿ ನನ್ನ ಅಂಗೈ ಸುಲಿಯಿತು.
ಚಿತ್ರದ ಅಂಚಿನಲ್ಲಿ, ಇನ್ನೇನು ಹೊರಗೆ ಕಾಲಿಡುವಂತೆ,
ಅದೇ.

ಆಮೇಲೆ ಮೂರು ವಾರ.
ನಮೀಬಿಯಾದ ಯಾರೋ ಹಲ್ಲಿನ ವೈದ್ಯ,
ಚಿಲಿಯ ಇಬ್ಬರು ಅಕ್ಕತಂಗಿಯರು,
ತಮ್ಮ ತಮ್ಮ ರಾತ್ರಿ ನೋಡಿ ಅಂಕಿ ಕಳಿಸಿದರು.
ಭೂಮಿಗೆ ತಾಗುವುದಿಲ್ಲ ಎಂದು ಮೊದಲ ವಾರವೇ ಗೊತ್ತಾಯಿತು.
ನಾನು ಹಾಯಾಗಿ ಮಲಗಿದೆ.
ಅವಳು ಮಲಗಲಿಲ್ಲ.
ಎಷ್ಟು ಕೂಡಿ ಕಳೆದರೂ ಕೊನೆಗೆ
ಕೂದಲೆಳೆಯಷ್ಟು ಉಳಿಯುತ್ತಿತ್ತು.
ಅದು ಇರಬೇಕಾದ ಕಡೆ ಇರುತ್ತಿರಲಿಲ್ಲ,
ದಿನದಿಂದ ದಿನಕ್ಕೆ, ಸೂರ್ಯನಿಂದ ಒಂದಿಷ್ಟು ಆಚೆ.

ಒಂದು ರಾತ್ರಿ, ಕೇಳಿದ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ:
"ನಿಮ್ಮಜ್ಜಿ ಕಣದಲ್ಲಿ ಗೋಧಿ ತೂರುತ್ತಿದ್ದಳಲ್ಲ?"
ತೂರುತ್ತಿದ್ದಳು. ಬೂರಾಕ್ಕೆ ಓರೆಯಾಗಿ ನಿಂತು.
ಕಾಳು ಕಾಲ ಬುಡದಲ್ಲಿ ಬೀಳುತ್ತಿತ್ತು,
ಜೊಳ್ಳು ಬೇಲಿ ದಾಟಿ ಹೋಗುತ್ತಿತ್ತು.
"ಬೆಳಕಿಗೂ ಗಾಳಿಯ ಹಾಗೆ ಒಂದು ನೂಕು ಇದೆ, ಬಾರ್ತೊ.
ಕಲ್ಲು ಇಷ್ಟು ಸರಿಯುವುದಿಲ್ಲ."

ಕಲ್ಲಲ್ಲ.
ನಾನು ಹುಟ್ಟಿದ ವರ್ಷ ಯಾವುದೋ ದೇಶ
ಚಂದ್ರನ ಕಡೆ ಏನನ್ನೋ ಎಸೆದು ಕೈತೊಳೆದುಕೊಂಡಿತ್ತು;
ಅದನ್ನು ಹೊತ್ತು ಹೋದ ರಾಕೆಟ್ಟಿನ ಖಾಲಿ ಡಬ್ಬಿ.
ಒಳಗೆ ಏನೂ ಇಲ್ಲ, ಹೊರಗೆ ಪ್ರಾಯಶಃ
ಸುಟ್ಟು ಉಳಿದ ಬಿಳಿ ಬಣ್ಣ.

ಕ್ಷುದ್ರಗ್ರಹಗಳ ಪಟ್ಟಿಯಿಂದ ಅದರ ಸಂಖ್ಯೆ ಹೊಡೆದುಹಾಕಿದರು.
ಬೇಜಾರಾಯಿತೇನೋ ಎಂದು ಒಂದು ಬಿಸಿ ರೊಟ್ಟಿ ಒಯ್ದರೆ
ನೆವಿಯಾ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಳು,
ಹಾಳೆಯ ತುದಿಯಲ್ಲಿ ಸೊನ್ನೆ ಬರೆದು,
ಎರಡು ಗೆರೆ ಎಳೆದು.

ಈಗ ನಿದ್ದೆ ಬಾರದ್ದು ನನಗೆ.
ಐವತ್ತೆಂಟು ವರ್ಷ,
ದಿನಾ ಅಷ್ಟಷ್ಟೇ.

ಆರಕ್ಕೆ ಅಂಗಡಿಯ ಬಾಗಿಲಿಗೆ ಬಿಸಿಲು ಬಂತು.
ಖಾಲಿ ಹಿಟ್ಟಿನ ಚೀಲವೊಂದನ್ನು ಎರಡು ಬೆರಳಲ್ಲಿ
ಅದರೆದುರು ಎತ್ತಿ ಹಿಡಿದೆ.
ಅಲುಗಲಿಲ್ಲ.
ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.
ಅಂಚೆಯ ಫೂಮಾ ಬಂದು, ಇದೇನು ಮಾಡ್ತಿದ್ದೀಯಾ ಎಂದಳು.

ಒಣಗಿಸ್ತಿದ್ದೇನೆ, ಎಂದೆ.